ಡಚ್ಚರ ವಿಮಾನವೂ ನಮ್ಮ ಮನೆಯ ಹೆಪ್ಪೂ

ತನ್ನ ಬಳಿ ಇಲ್ಲದ ವಸ್ತುವಿನ ಬಗ್ಗೆ ವಾದ ಮಾಡುವಾಗ ಸಿಗುವ ಸುಖ, ಇರುವ ವಸ್ತುವಿನ ಬಗ್ಗೆ ಮಾಡುವಾಗ ಸಿಗುವುದಿಲ್ಲ. ಸೈಕಲ್ಲಿನ ವಿಚಾರವಾಗಿ ವಾದಕ್ಕಿಳಿದರೆ ಯಾರಾದರೂ ಎದ್ದು ಹೋಗಿ ಸೈಕಲ್ಲನ್ನೇ ತಂದು ಮುಂದೆ ನಿಲ್ಲಿಸಿಬಿಡುವ ಅಪಾಯವಿದೆ; ಅಲ್ಲಿಗೆ ವಾದ ಮುಗಿಯಿತು. ವಿಮಾನಕ್ಕೆ ಆ ಭಯವಿಲ್ಲ. ನಮ್ಮ ಭದ್ರಾವತಿಯ ಕಾಗದನಗರದ ಮೇಲೆ ಎಂದಾದರೊಮ್ಮೆ ಒಂದು ವಿಮಾನ ಹಾದುಹೋಗುತ್ತದೆ. ಶಬ್ದ ಕೇಳಿದೊಡನೆ ಗಂಡಸರು ಪತ್ರಿಕೆ ಬಿಟ್ಟು, ಹೆಂಗಸರು ಒಲೆಯ ಮೇಲಿನ ಹಾಲು ಬಿಟ್ಟು ಅಂಗಳಕ್ಕೆ ಓಡಿಬರುತ್ತಾರೆ. ಅಷ್ಟರಲ್ಲಿ ವಿಮಾನ ಮೋಡದೊಳಗೆ ಹೋಗಿರುತ್ತದೆ, ಹಾಲು ಒಲೆಯೊಳಗೆ ಹೋಗಿರುತ್ತದೆ. ನಮಗೂ ವಿಮಾನಕ್ಕೂ ಇರುವ ಸಂಬಂಧ ಇಷ್ಟೇ. ಹೀಗಿದ್ದರೂ ಪ್ರಪಂಚದಲ್ಲಿ ಎಲ್ಲರಿಗಿಂತ ಹೆಚ್ಚು ಕಾಲದಿಂದ ಎಡೆಬಿಡದೆ ವಿಮಾನ ನಡೆಸಿಕೊಂಡು ಬಂದಿರುವ ಕಂಪನಿ ಯಾವುದು ಎಂಬ ಪ್ರಶ್ನೆಯನ್ನು ತೀರ್ಮಾನ ಮಾಡಿದವನು ನಾನು. ಒಂದು ಸಲವಲ್ಲ, ಎರಡು ಸಲ ಮಾಡಿದ್ದೇನೆ. ಎರಡನೆಯ ತೀರ್ಪು ಮೊದಲನೆಯದಕ್ಕೆ ತದ್ವಿರುದ್ಧವಾಗಿತ್ತು, ಮತ್ತು ಅದಕ್ಕೆ ಕಾರಣ ಮೊಸರು.

ಮೊದಲು ನಾನು ಹೇಗೆ ತೀರ್ಪುಗಾರನಾದೆ ಎಂಬುದನ್ನು ಹೇಳಬೇಕು. ನಾನು ಕಾಗದದ ಮಿಲ್ಲಿನ ಅಕೌಂಟ್ಸ್ ಸೆಕ್ಷನ್ನಿನಲ್ಲಿ ಗುಮಾಸ್ತ. ಜೊತೆಗೆ ನಮ್ಮ ಕ್ವಾರ್ಟರ್ಸಿನ ವಾಚನಾಲಯಕ್ಕೆ ಕಾರ್ಯದರ್ಶಿ. ಇದಕ್ಕೆ ನನ್ನ ವಿದ್ವತ್ತು ಕಾರಣವೆಂದು ಯಾರೂ ತಪ್ಪು ತಿಳಿಯಬಾರದು. ವಾಚನಾಲಯ ನಮ್ಮ ಮನೆಗೆ ಹತ್ತಿರ. ಬೀಗದ ಕೈ ನನ್ನ ಬಳಿ ಇರಲಿ ಎಂದು ಕೊಟ್ಟರು. ಬೀಗದ ಕೈ ಇದ್ದವನು ಬಾಗಿಲು ತೆಗೆಯಬೇಕಾಯಿತು, ಬಾಗಿಲು ತೆಗೆದವನು ಪತ್ರಿಕೆಗಳನ್ನು ಜೋಡಿಸಬೇಕಾಯಿತು, ಜೋಡಿಸಿದವನು ಓದಿಯೂ ಇರಬೇಕು ಎಂದು ಜನ ತಾವಾಗಿಯೇ ತಿಳಿದುಕೊಂಡರು. ನಾನು ಅಲ್ಲಗಳೆಯಲಿಲ್ಲ. ಹೊಗಳಿಕೆಯನ್ನು ಅಲ್ಲಗಳೆಯುವುದು ಒಳ್ಳೆಯ ಸಂಸ್ಕಾರವಲ್ಲ ಎಂದು ನನ್ನ ಮತ. ಹೀಗೆ ಪಂಡಿತನಾದ ಮೇಲೆ, ವರ್ಷಕ್ಕೊಮ್ಮೆ ನಡೆಯುವ ಸಾಮಾನ್ಯ ಜ್ಞಾನ ಸ್ಪರ್ಧೆಗೆ ಪ್ರಶ್ನೆ ತೆಗೆಯುವವನೂ ನಾನೇ, ತೀರ್ಪು ಹೇಳುವವನೂ ನಾನೇ ಆದೆ. ಗೆದ್ದ ಸೆಕ್ಷನ್ನಿಗೆ ಒಂದು ಶೀಲ್ಡು. ಮರದ ಹಲಗೆಗೆ ಬೆಳ್ಳಿಬಣ್ಣದ ತಗಡು ಹೊಡೆದ ಆ ಶೀಲ್ಡನ್ನು ಗೆದ್ದವರು ಒಂದು ವರ್ಷ ತಮ್ಮ ಸೆಕ್ಷನ್ನಿನ ಗೋಡೆಗೆ ನೇತುಹಾಕಿಕೊಳ್ಳಬಹುದು. ಅದನ್ನು ಉಜ್ಜಿ ಹೊಳಪು ಬರಿಸಲು ಹೋದವರೊಬ್ಬರಿಂದ ಬೆಳ್ಳಿಬಣ್ಣ ಅರ್ಧ ಹೋಗಿತ್ತು. ಆದರೂ ಅದಕ್ಕಾಗಿ ನಡೆಯುತ್ತಿದ್ದ ಪೈಪೋಟಿ ಅಷ್ಟಿಷ್ಟಲ್ಲ.

ಆ ವರ್ಷ ಕೊನೆಯ ಸುತ್ತಿಗೆ ಬಂದದ್ದು ಎರಡು ತಂಡ: ನಮ್ಮ ಅಕೌಂಟ್ಸಿನವರು ಮತ್ತು ಲಾರಿ ಶೆಡ್ಡಿನವರು. ಅಕೌಂಟ್ಸಿನ ಮುಂದಾಳು ಶ್ರೀನಿವಾಸಯ್ಯ. ನನ್ನ ಪಕ್ಕದ ಮೇಜಿನವರು, ತುಂಬ ಪರೋಪಕಾರಿ. ಅವರ ಪರೋಪಕಾರದ ವಿಷಯ ಮುಂದೆ ಬರುತ್ತದೆ. ಲಾರಿ ಶೆಡ್ಡಿನ ಮುಂದಾಳು ಬಾಷಾ ಸಾಹೇಬರು, ಹೆಡ್ ಮೆಕ್ಯಾನಿಕ್. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ದಾಸವಾಳದ ಬೇಲಿ ಮಾತ್ರ. ಸಂಜೆ ಕೆಲಸ ಮುಗಿಸಿ ಬಂದು ಕೈಕಾಲು ತೊಳೆದು ಅವರು ಬೇಲಿಯ ಆ ಕಡೆ, ನಾನು ಈ ಕಡೆ ನಿಂತರೆ ಊಟದ ಹೊತ್ತಿನವರೆಗೆ ಮಾತು. ಯುದ್ಧದ ಕಾಲದಲ್ಲಿ ಅವರು ಮಿಲಿಟರಿ ಲಾರಿ ಓಡಿಸುತ್ತಿದ್ದವರು. ಯುದ್ಧ ಮುಗಿದ ಮೇಲೆ ಕಲ್ಕತ್ತೆಯಲ್ಲಿ ಡಚ್ಚರ ಕಂಪನಿಯ ವಿಮಾನವೊಂದನ್ನು ಹತ್ತಿರದಿಂದ ನೋಡಿದ್ದರು. ಅದರ ರಿಪೇರಿಯವನೊಬ್ಬ ಅವರಿಗೊಂದು ಸಿಗರೇಟು ಕೊಟ್ಟಿದ್ದ. ಅಂದಿನಿಂದ ಆ ಕಂಪನಿ ಅವರಿಗೆ ಬೀಗರ ಮನೆ ಇದ್ದ ಹಾಗೆ. ಅದರ ಹೆಸರು ಮೂರು ಇಂಗ್ಲಿಷ್ ಅಕ್ಷರ. ಬಿಡಿಸಿ ಹೇಳಲು ಹೋದರೆ ನಾಲಿಗೆ ಗಂಟು ಬೀಳುತ್ತದೆ. ಆದ್ದರಿಂದ ನಾವೆಲ್ಲ ಡಚ್ ಕಂಪನಿ ಎಂದೇ ಕರೆಯುತ್ತಿದ್ದೆವು, ಇಲ್ಲೂ ಹಾಗೆಯೇ ಕರೆಯುತ್ತೇನೆ.

ಭಾನುವಾರ ಮಧ್ಯಾಹ್ನ ಸ್ಪರ್ಧೆ. ಎರಡು ತಂಡಕ್ಕೂ ಸಮ ಅಂಕ ಬಂದು, ಕೊನೆಯ ಪ್ರಶ್ನೆ ನಾನು ಮೇಲೆ ಹೇಳಿದ ಪ್ರಶ್ನೆಯೇ ಆಯಿತು. ಶ್ರೀನಿವಾಸಯ್ಯ ಆಸ್ಟ್ರೇಲಿಯಾದ ಕಂಪನಿ ಎಂದರು. ಬಾಷಾ ಸಾಹೇಬರು ಪ್ರಶ್ನೆ ಪೂರ್ತಿ ಮುಗಿಯುವ ಮೊದಲೇ ಡಚ್ ಕಂಪನಿ ಎಂದರು. ನಾನು ವಾಚನಾಲಯದ ದಪ್ಪ ಇಂಗ್ಲಿಷ್ ಪುಸ್ತಕ ತೆಗೆದು, ಗೆದ್ದಲು ಬಿಟ್ಟಿದ್ದ ಭಾಗವನ್ನು ಎಲ್ಲರೆದುರು ಓದಿ ಅರ್ಥ ಹೇಳಿದೆ. ಡಚ್ಚರ ಕಂಪನಿ ಹುಟ್ಟಿದ್ದು ಮೊದಲನೆಯ ಮಹಾಯುದ್ಧ ಮುಗಿದ ಮರುವರ್ಷ. ದಕ್ಷಿಣ ಅಮೆರಿಕದ ಕೊಲಂಬಿಯದ ಕಂಪನಿಯೂ ಅದೇ ವರ್ಷದ ಕೂಸು, ಆದರೆ ಅದು ನಡುವೆ ಇನ್ನೊಂದರ ಜೊತೆ ಸೇರಿ ಹೆಸರು ಬದಲಾಯಿಸಿಕೊಂಡಿತು. ಆಸ್ಟ್ರೇಲಿಯಾದ್ದು ಇವರಿಗಿಂತ ಒಂದು ವರ್ಷ ಚಿಕ್ಕದು. ಇಲ್ಲಿಯವರೆಗೆ ಓದಿದಾಗ ಬಾಷಾ ಸಾಹೇಬರ ಕಡೆಯವರು ಶೀಲ್ಡಿನ ಕಡೆ ನೋಡಿ ಆಗಿತ್ತು. ನಾನು ಅಲ್ಲಿಗೇ ಪುಸ್ತಕ ಮುಚ್ಚಬಹುದಿತ್ತು. ಆದರೆ ಪಂಡಿತನಾದವನಿಗೆ ಪುಟದ ಕೊನೆಯವರೆಗೆ ಓದುವ ಚಪಲ. ಎರಡನೆಯ ಯುದ್ಧದಲ್ಲಿ ಜರ್ಮನರು ಹಾಲೆಂಡನ್ನು ಹಿಡಿದುಕೊಂಡಾಗ ಕಂಪನಿಯ ತಾಯಿಮನೆಯಲ್ಲಿ ವಿಮಾನ ನಿಂತುಹೋಯಿತು. ಆದರೆ ದೂರದ ವೆಸ್ಟ್ ಇಂಡೀಸಿನಲ್ಲಿ ಡಚ್ಚರ ಕೈಯಲ್ಲಿದ್ದ ದ್ವೀಪಗಳಲ್ಲಿ ಅದೇ ಕಂಪನಿಯ ಶಾಖೆ ಯುದ್ಧದುದ್ದಕ್ಕೂ ಹಾರಾಟ ನಡೆಸುತ್ತಲೇ ಇತ್ತು ಎಂದು ಅಲ್ಲಿ ಬರೆದಿತ್ತು.

ಶ್ರೀನಿವಾಸಯ್ಯ ಕುರ್ಚಿಯಿಂದ ಎದ್ದೇಬಿಟ್ಟರು. “ನಿಂತುಹೋಯ್ತು ಅಂತ ನೀವೇ ಓದಿದ್ರಲ್ಲ! ನಿಂತಿದ್ದು ಎಡೆಬಿಡದೆ ಹೇಗಾಗುತ್ತೆ?” ಎಂದರು.

“ಎಲ್ಲಿ ನಿಂತ್ಕೊಂಡ್ತು ಸ್ವಾಮಿ? ಒಂದು ಕಡೆ ನಿಂತ್ಕೊಂಡ್ರೆ ಇನ್ನೊಂದು ಕಡೆ ಹಾರ್ತಾ ಇತ್ತು. ಕಂಪನಿ ಒಂದೇ, ಹೆಸರು ಒಂದೇ. ಅಳಿಯ ಅಲ್ಲ, ಮಗಳ ಗಂಡ ಅಂದ್ಹಂಗಾಯ್ತು ನಿಮ್ಮ ಮಾತು” ಎಂದರು ಬಾಷಾ ಸಾಹೇಬರು.

“ಅಲ್ಲ ಮಾರಾಯ್ರೇ, ನಿಮ್ಮನೇಲಿ ಒಲೆ ಆರಿಹೋಗಿದೆ, ಚಿಕ್ಕಪ್ಪನ ಮನೇಲಿ ಉರೀತಿದೆ ಅಂದ್ರೆ ನಿಮ್ಮನೇಲಿ ಅನ್ನ ಆಗುತ್ತಾ?” ಎಂದರು ಶ್ರೀನಿವಾಸಯ್ಯ.

ಎರಡೂ ಕಡೆಯವರು ನನ್ನ ಮುಖ ನೋಡಿದರು. ಹತ್ತು ಜನ ತನ್ನ ಬಾಯಿಂದ ಏನು ಬರುತ್ತದೆಂದು ಕಾಯುತ್ತಿದ್ದಾಗ ಮನುಷ್ಯನಿಗೆ ಒಂದು ಬಗೆಯ ಅಮಲು ಏರುತ್ತದೆ. ಆಫೀಸಿನಲ್ಲಿ ನಾನು ಬಾಯಿ ತೆರೆಯುವುದು ಆಕಳಿಸುವುದಕ್ಕೆ, ಮನೆಯಲ್ಲಿ ಉಣ್ಣುವುದಕ್ಕೆ. ಆ ದಿನ ಮಾತ್ರ ಗಂಟಲು ಸರಿಮಾಡಿಕೊಂಡು, “ಎಡೆಬಿಡದೆ ಎಂದರೆ ಎಡೆಬಿಡದೆ. ಒಂದು ದಿನ ನಿಂತರೂ ನಿಂತ ಹಾಗೇ. ಯುದ್ಧವಿತ್ತು, ಮಳೆಯಿತ್ತು ಎಂಬ ನೆಪವೆಲ್ಲ ನಡೆಯುವುದಿಲ್ಲ. ಪಕ್ಕದ ಮನೆಯಲ್ಲಿ ನಡೆಯುತ್ತಿತ್ತು ಎಂದು ನಮ್ಮ ಮನೆಯಲ್ಲಿ ನಡೆದ ಲೆಕ್ಕ ಹಿಡಿಯಲಾಗದು. ಡಚ್ ಕಂಪನಿ ಅನರ್ಹ. ಶೀಲ್ಡು ಅಕೌಂಟ್ಸಿಗೆ” ಎಂದು ಗ್ರಾಂಥಿಕ ಭಾಷೆಯಲ್ಲೇ ತೀರ್ಪು ಕೊಟ್ಟೆ. ನಾನು ಅಕೌಂಟ್ಸಿನವನೇ ಆಗಿದ್ದುದಕ್ಕೂ ಈ ತೀರ್ಪಿಗೂ ಸಂಬಂಧವಿರಲಿಲ್ಲ ಎಂದು ಆಗ ಪ್ರಾಮಾಣಿಕವಾಗಿ ನಂಬಿದ್ದೆ. ಬಾಷಾ ಸಾಹೇಬರು ಜಗಳವಾಡಲಿಲ್ಲ. “ಆಯ್ತು ಬಿಡಿ ರಾಯ್ರೇ, ಜಡ್ಜ್ ಸಾಹೇಬ್ರು ನೀವು” ಎಂದು ಟೋಪಿ ಸರಿಮಾಡಿಕೊಂಡು ಹೊರಟುಹೋದರು. ಆ ಸಂಜೆ ಬೇಲಿಯ ಆ ಕಡೆ ಯಾರೂ ಬಂದು ನಿಲ್ಲಲಿಲ್ಲ. ನನಗೆ ಸ್ವಲ್ಪ ಕಸಿವಿಸಿಯಾಯಿತು, ಆದರೆ ಅದನ್ನು ಯೋಚಿಸಲು ಪುರುಸೊತ್ತಿರಲಿಲ್ಲ. ಅಕೌಂಟ್ಸ್ ಸೆಕ್ಷನ್ನು ಗೆಲುವಿನ ಉತ್ಸಾಹದಲ್ಲಿ ಶೀಲ್ಡಿನ ಸಮೇತ ನಮ್ಮ ಮನೆಗೇ ಬಂದು ಕುಳಿತಿತ್ತು.

ಆಗ ಮನೆಯಲ್ಲಿ ನಾನೊಬ್ಬನೇ. ಹೆಂಡತಿ ಸರೋಜ ಹೆರಿಗೆಗೆಂದು ಶಿವಮೊಗ್ಗದ ತವರಿಗೆ ಹೋಗಿ, ಹೆಣ್ಣುಮಗು ಹುಟ್ಟಿ, ಬಾಣಂತನವೂ ಮುಗಿಯುತ್ತ ಬಂದಿತ್ತು. ಮುಂದಿನ ಗುರುವಾರ ಮಗುವಿನ ಜೊತೆ ಅವಳನ್ನು ಅತ್ತೆಯವರೇ ಕರೆದುಕೊಂಡು ಬರುವುದೆಂದು ನಿಶ್ಚಯವಾಗಿತ್ತು. ಹೋಗುವಾಗ ಸರೋಜ ನನಗೆ ಮನೆಯನ್ನು ಒಪ್ಪಿಸಲಿಲ್ಲ, ಹೆಪ್ಪನ್ನು ಒಪ್ಪಿಸಿ ಹೋದಳು. “ಮನೇನ ಕಳ್ಳರು ದೋಚಿದ್ರೂ ಪರವಾಗಿಲ್ಲ ಕಣ್ರೀ. ಹೆಪ್ಪು ಮಾತ್ರ ಹಾಳು ಮಾಡ್ಬೇಡಿ. ದಿನಾ ಮೊಸರು ಬಡಿಸಿಕೊಳ್ಳೋಕೆ ಮುಂಚೆ ಒಂದು ಚಮಚ ತೆಗೆದು ಆ ಕಲ್ಲಿನ ಮರಿಗೇಲಿ ಇಟ್ಟುಬಿಡಿ. ಮೊದಲು ಹೆಪ್ಪು, ಆಮೇಲೆ ನೀವು” ಎಂದು ಜಟಕಾ ಹತ್ತುವವರೆಗೂ ಹೇಳಿದ್ದಳು.

ಈ ಹೆಪ್ಪಿನ ಮಹಿಮೆ ಸಾಮಾನ್ಯದ್ದಲ್ಲ. ನಮ್ಮ ಮದುವೆಯಲ್ಲಿ ಅತ್ತೆಯವರು ಮಗಳಿಗೆ ಕೊಟ್ಟ ಪಾತ್ರೆ ಪಡಗಗಳಲ್ಲಿ ಬಳಪದ ಕಲ್ಲಿನ ಒಂದು ಪುಟ್ಟ ಮರಿಗೆ ಇತ್ತು, ಅದರೊಳಗೆ ಒಂದಿಷ್ಟು ಮೊಸರು. ಅತ್ತೆಗೆ ಅದು ಅವರ ತಾಯಿಯಿಂದ ಬಂದದ್ದು, ಆ ತಾಯಿಗೆ ಅವರ ಅತ್ತೆಯಿಂದ. ಅದಕ್ಕೂ ಹಿಂದೆ ಕೇಳಿದರೆ ಅತ್ತೆಯವರು ಕೈಯನ್ನು ಆಕಾಶದ ಕಡೆ ತೋರಿಸುತ್ತಿದ್ದರು. ಅವರ ಮನೆಯ ಗಂಡಸರಿಗೆ ತಮ್ಮ ಮುತ್ತಾತನ ಹೆಸರು ತಿಳಿಯದು, ಹೆಂಗಸರಿಗೆ ಹೆಪ್ಪಿನ ವಂಶಾವಳಿ ಬಾಯಿಪಾಠ. ನಡುವೆ ಒಂದು ದಿನವೂ ತಪ್ಪಿಲ್ಲ ಎಂಬುದು ಅವರ ಹೆಮ್ಮೆ. ಊರಿಗೆ ಹೋಗುವಾಗ ಹೆಪ್ಪಿಗಾಗಿ ಒಬ್ಬರು ಮನೆಯಲ್ಲಿ ಉಳಿದದ್ದುಂಟು, ಯಾತ್ರೆಯನ್ನೇ ಮುಂದೆ ಹಾಕಿದ್ದುಂಟು. ಮೊಸರೂ ಹಾಗೆಯೇ ಇತ್ತು ಅನ್ನಿ. ಹುಳಿಯಿಲ್ಲ, ಚಾಕುವಿನಲ್ಲಿ ಕತ್ತರಿಸುವ ಹಾಗೆ ಗಟ್ಟಿ. ಅದನ್ನು ಉಂಡು ರೂಢಿಯಾದವನಿಗೆ ಬೇರೆ ಮೊಸರು ಸುಣ್ಣದ ನೀರು. ಸರೋಜ ಹೋದ ಮೇಲೆ ಬೆಳಗಿನ ಊಟ ಹೋಟೆಲಿನಲ್ಲಿ ಮಾಡಿದರೂ ಸಂಜೆ ಮಾತ್ರ ಮನೆಯಲ್ಲಿ ಅನ್ನ ಬೇಯಿಸಿ ಮೊಸರು ಕಲಸಿ ಉಣ್ಣುತ್ತಿದ್ದೆ. ಮೊದಲು ಹೆಪ್ಪು, ಆಮೇಲೆ ನಾನು. ಭಾನುವಾರದವರೆಗೆ ತಪ್ಪಿರಲಿಲ್ಲ.

ಭಾನುವಾರ ಸಂಜೆ ಬಂದ ಗೆಳೆಯರಿಗೆ ಏನಾದರೂ ಕೊಡಬೇಕಲ್ಲ. ಮನೆಯಲ್ಲಿದ್ದದ್ದು ಅವಲಕ್ಕಿ ಮತ್ತು ಮೊಸರು. ಮೊಸರವಲಕ್ಕಿ ಕಲಸಿ, ಒಂದು ಒಗ್ಗರಣೆ ಹಾಕಿ ಮುಂದಿಟ್ಟೆ. ಅಕೌಂಟ್ಸಿನವರು ಅಂಕಿ ಕೂಡುವುದರಲ್ಲಿ ನಿಧಾನವಿರಬಹುದು, ಅವಲಕ್ಕಿ ಕಳೆಯುವುದರಲ್ಲಿ ಅಲ್ಲ. ಎರಡನೆಯ ಸುತ್ತು ಕಲಸಿದೆ, ಮೂರನೆಯದೂ ಆಯಿತು. ನನ್ನ ತೀರ್ಪನ್ನು ಅವರು ಹೊಗಳಿದ್ದೂ ಹೊಗಳಿದ್ದೇ. “ಏನು ಮಾತು ಮಾರಾಯ! ಒಂದು ದಿನ ನಿಂತರೂ ನಿಂತ ಹಾಗೇ! ಹೈಕೋರ್ಟಿನಲ್ಲಿ ಇರಬೇಕಾದವನು ನೀನು” ಎಂದು ಶ್ರೀನಿವಾಸಯ್ಯ ಬೆನ್ನು ತಟ್ಟಿ, “ಇನ್ನೊಂದು ಸೌಟು ಮೊಸರಿದ್ರೆ ಹಾಕು” ಎಂದರು. ಹೈಕೋರ್ಟಿನಲ್ಲಿ ಇರಬೇಕಾದವನು ಮೊಸರಿಗೆ ಲೆಕ್ಕ ನೋಡುತ್ತಾನೆಯೇ? ಪಾತ್ರೆ ಬಗ್ಗಿಸಿದೆ. ಸಾಲದು ಎಂದು ಕಂಡಿತು. ಆ ಭರದಲ್ಲಿ ಮರಿಗೆಯನ್ನೂ ಬಗ್ಗಿಸಿದೆ. ಉಳಿದವರೆಲ್ಲ ಹೋದ ಮೇಲೆ ನೋಡುತ್ತೇನೆ, ಶ್ರೀನಿವಾಸಯ್ಯ ಹಿತ್ತಿಲಲ್ಲಿ ಕುಳಿತು ಪಾತ್ರೆ ತೊಳೆಯುತ್ತಿದ್ದಾರೆ. “ಹೆಂಡತಿ ಇಲ್ಲದವನು, ನಿನಗೇಕೆ ತೊಂದರೆ” ಎಂದು ತಟ್ಟೆ, ಲೋಟ, ಮೊಸರಿನ ಪಾತ್ರೆ ಎಲ್ಲವನ್ನೂ ಬೂದಿ ಹುಣಿಸೆಹಣ್ಣು ಹಾಕಿ ತಿಕ್ಕಿ ಸಾಲಾಗಿ ಬೋರಲು ಹಾಕಿದ್ದರು. ಕಲ್ಲಿನ ಮರಿಗೆಯನ್ನಂತೂ ಬಿಸಿನೀರು ಹೊಯ್ದು ಎರಡು ಸಲ ತಿಕ್ಕಿದ್ದರು. ಅದರೊಳಗೆ ಮೊಸರಿನ ವಾಸನೆ ಕೂಡ ಇರಲಿಲ್ಲ. ಅಂಥ ಪರೋಪಕಾರಿ.

ನನಗೆ ಆಗಲೂ ಹೊಳೆಯಲಿಲ್ಲ ನೋಡಿ. ಹಾಲು ಕಾಯಿಸಿ, ಆರಿಸಿ, ಚಮಚ ಹಿಡಿದು, ಬೋರಲು ಹಾಕಿದ್ದ ಮರಿಗೆಯನ್ನು ಎತ್ತಿ ತಿರುಗಿಸಿದೆ. ಒಳಗೆ ನುಣುಪಾದ ಕಲ್ಲು, ಅದರಲ್ಲಿ ದೀಪದ ಬೆಳಕು. ಎಷ್ಟು ತಲೆಮಾರಿನಿಂದ ಬಂದದ್ದು ನನ್ನ ಕೈಗೆ ಬಂದು ಒಂದು ತಟ್ಟೆ ಅವಲಕ್ಕಿಯಲ್ಲಿ ಮುಗಿದುಹೋಗಿತ್ತು. ಅವಲಕ್ಕಿ ತಿಂದವರು ಅದಕ್ಕೆ ಉಪ್ಪು ಕಡಿಮೆ ಎಂದಿದ್ದರು ಬೇರೆ. ಅತ್ತೆಯವರ ಮುಖ ಕಣ್ಣಮುಂದೆ ಬಂತು. ನನ್ನನ್ನು ಬೈಯುವವರಲ್ಲ ಅವರು. ಬೈದಿದ್ದರೆ ಎಷ್ಟೋ ಸುಖವಿತ್ತು. ಸುಮ್ಮನಾಗುತ್ತಾರೆ. ಸರೋಜ ಅತ್ತುಬಿಡುತ್ತಾಳೆ ಎಂಬುದು ನನಗೆ ಖಂಡಿತವಾಗಿ ತಿಳಿದಿತ್ತು, ಅದೂ ಬಾಣಂತಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯನ್ನು ಯಾರು ಮಾಡಿದರೋ, ಅವರೂ ಹೆಪ್ಪು ಕಳೆದುಕೊಂಡವರೇ ಇರಬೇಕು.

ಸೋಮವಾರ ನನ್ನ ಪ್ರಯೋಗಗಳು ಶುರುವಾದವು. ಹಸಿಮೆಣಸಿನಕಾಯಿ ತೊಟ್ಟು ಹಾಕಿದರೆ ಹಾಲು ಹೆಪ್ಪಾಗುತ್ತದೆ ಎಂದು ಯಾರೋ ಹೇಳಿದ್ದು ನೆನಪಿತ್ತು. ಒಂದು ಹಿಡಿ ತೊಟ್ಟು ಹಾಕಿದೆ. ಬೆಳಿಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇತ್ತು, ಖಾರವಾಗಿತ್ತು. ನಿಂಬೆಹಣ್ಣು ಹಿಂಡಿದೆ, ಒಡೆದು ನೀರು ಬೇರೆ, ಗಂಟು ಬೇರೆಯಾಯಿತು. ಮಂಗಳವಾರ ಹೋಟೆಲಿನಿಂದ ಒಂದು ಲೋಟ ಮೊಸರು ತಂದು ಹೆಪ್ಪು ಹಾಕಿದೆ. ಏನೋ ಒಂದು ಆಯಿತು. ನನ್ನ ಮೂಗಿಗೆ ಸರಿಯಾಗಿಯೇ ಇದೆ ಅನ್ನಿಸಿತು. ಆದರೆ ಕಾಗದನಗರದವರ ಮೂಗನ್ನು ನಂಬುವ ಹಾಗಿಲ್ಲ. ಮಿಲ್ಲಿನಲ್ಲಿ ಕಾಗದಕ್ಕೆಂದು ಬಿದಿರು ಬೇಯುವ ವಾಸನೆಯಲ್ಲೇ ಇದ್ದು ಇದ್ದು, ನಮಗೆ ಮಲ್ಲಿಗೆಗೂ ಮಡ್ಡಿಗೂ ವ್ಯತ್ಯಾಸ ತಿಳಿಯುವುದು ಕಣ್ಣಿನಿಂದ ಮಾತ್ರ. ಅತ್ತೆಯವರದು ಶಿವಮೊಗ್ಗದ ಮೂಗು, ಸ್ವಲ್ಪವೂ ಕೆಟ್ಟಿರಲಿಲ್ಲ. ಪಾತ್ರೆಯ ಮುಚ್ಚಳ ತೆಗೆಯುವ ಮೊದಲೇ ಹಿಡಿದುಬಿಡುತ್ತಾರೆ. ಹೋಟೆಲಿನ ಮೊಸರನ್ನು ಹಿತ್ತಿಲಿನ ತೆಂಗಿನ ಬುಡಕ್ಕೆ ಸುರಿದೆ.

ಸುರಿದು ತಲೆ ಎತ್ತಿದಾಗ ಬೇಲಿಯ ಆಚೆ ಬಾಷಾ ಸಾಹೇಬರ ಹೆಂಡತಿ ಫಾತಿಮಾಬಿ ಅಡಿಗೆಮನೆಯ ಕಿಟಕಿಯಲ್ಲಿ ಮೊಸರು ಕಡೆಯುತ್ತಿದ್ದರು. ಕಡೆಗೋಲಿನ ಸದ್ದು ಕೇಳುತ್ತಲೇ ನನಗೆ ನೆನಪಾಯಿತು. ಅವರು ಈ ಕ್ವಾರ್ಟರ್ಸಿಗೆ ಹೊಸದಾಗಿ ಬಂದಾಗ ಸರೋಜ ನಮ್ಮ ಮರಿಗೆಯಿಂದಲೇ ಒಂದು ಬಟ್ಟಲು ಹೆಪ್ಪು ಕೊಟ್ಟಿದ್ದಳು. ಅಂದಿನಿಂದ ಅದು ಆ ಮನೆಯಲ್ಲೂ ನಡೆದುಕೊಂಡು ಬಂದಿತ್ತು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದೆ. ಕುಣಿಯುವಷ್ಟು ಸಂತೋಷವಾಯಿತು. ಮರುಕ್ಷಣವೇ ನನ್ನ ಗ್ರಾಂಥಿಕ ಭಾಷೆಯ ತೀರ್ಪು ಅಕ್ಷರ ಅಕ್ಷರವಾಗಿ ಕಿವಿಯಲ್ಲಿ ಮೊಳಗಿತು. ಪಕ್ಕದ ಮನೆಯಲ್ಲಿ ನಡೆಯುತ್ತಿತ್ತು ಎಂದು ನಮ್ಮ ಮನೆಯಲ್ಲಿ ನಡೆದ ಲೆಕ್ಕ ಹಿಡಿಯಲಾಗದು. ಆ ವಾಕ್ಯ ಆಡುವಾಗ ಎಷ್ಟು ಚೆನ್ನಾಗಿ ಕೇಳಿಸಿತ್ತು! ಇದರ ಜೊತೆಗೆ ಇನ್ನೊಂದು ಚಿಂತೆ: ಅತ್ತೆಯವರು ಮಡಿ ಮೈಲಿಗೆ ನೋಡುವವರು. ಕೊಟ್ಟದ್ದು ಬೇರೆ, ಆ ಮನೆಯಿಂದ ತಿರುಗಿ ತಂದದ್ದು ಬೇರೆ ಎಂದರೆ ಏನು ಮಾಡುವುದು? ಬುಧವಾರ ಇಡೀ ಹಗಲು ಆಫೀಸಿನಲ್ಲಿ ಇದೇ ಯೋಚನೆ. ಗೋಡೆಯ ಮೇಲಿನ ಶೀಲ್ಡನ್ನು ನೋಡಿದಾಗಲೆಲ್ಲ ಮೊಸರವಲಕ್ಕಿ ಕಾಣುತ್ತಿತ್ತು.

ಸಂಜೆ ಬಟ್ಟಲು ಹಿಡಿದುಕೊಂಡು ಹೋದೆ. ಬೇಲಿಯ ಸಂದಿಯಲ್ಲಿ ನುಸುಳುವುದು ರೂಢಿ. ಅಂದು ರಸ್ತೆ ಸುತ್ತಿ ಮುಂಬಾಗಿಲಿಗೆ ಹೋದೆ. ಬಾಷಾ ಸಾಹೇಬರು ಜಗಲಿಯಲ್ಲಿ ಬೀಡಿ ಸೇದುತ್ತ ಕುಳಿತಿದ್ದರು. ನನ್ನನ್ನೂ ಬಟ್ಟಲನ್ನೂ ನೋಡಿ, “ಬನ್ನಿ ಜಡ್ಜ್ ಸಾಹೇಬ್ರೇ” ಎಂದರು.

“ಒಂದು ಚೂರು ಹೆಪ್ಪು ಬೇಕಿತ್ತು ಸಾಹೇಬ್ರೇ. ನಮ್ಮನೇದು ಹೋಗಿಬಿಡ್ತು” ಎಂದೆ.

“ಹೋಗಿಬಿಡ್ತಾ! ಯಾವಾಗ?”

“ಭಾನುವಾರ.”

ಅವರು ಬೀಡಿಯ ಬೂದಿ ಕೊಡವಿದರು. “ಭಾನುವಾರ ನಿಂತ್ಕೊಂಡ್ತು ಅನ್ನಿ. ಒಂದು ಮಾತು ಕೇಳ್ತೀನಿ ರಾಯ್ರೇ, ಬೇಜಾರು ಮಾಡ್ಕೋಬೇಡಿ. ಈಗ ಇಲ್ಲಿಂದ ತಗೊಂಡು ಹೋಗ್ತೀರಲ್ಲ, ಅದು ನಮ್ಮನೆ ಹೆಪ್ಪೋ ನಿಮ್ಮನೆ ಹೆಪ್ಪೋ?”

“ನಮ್ಮನೇದೇ. ಸರೋಜ ಕೊಟ್ಟಿದ್ದಲ್ವಾ?”

“ನಿಮ್ಮಲ್ಲಿ ನಿಂತುಹೋಗಿದೆಯಲ್ಲ?”

“ನಮ್ಮಲ್ಲಿ ನಿಂತರೇನಾಯ್ತು, ನಿಮ್ಮಲ್ಲಿ ನಡೀತಾನೇ ಇತ್ತಲ್ಲ ಸಾಹೇಬ್ರೇ. ಅದೇ ಹೆಪ್ಪು ತಾನೇ?” ಎಂದವನು ಬಾಯಿ ಮುಚ್ಚಿಕೊಂಡೆ. ಆಡಿದ ಮಾತು ಆಡಿ ಆಗಿತ್ತು. ಬಾಷಾ ಸಾಹೇಬರು ನಗಲಿಲ್ಲ. ನಕ್ಕಿದ್ದರೆ ನಾನೂ ನಕ್ಕು ತಪ್ಪಿಸಿಕೊಳ್ಳುತ್ತಿದ್ದೆ. “ಹಂಗಾದ್ರೆ ನಮ್ಮ ಡಚ್ ಕಂಪನಿ ಏನು ಪಾಪ ಮಾಡಿತ್ತು?” ಎಂದು ತಣ್ಣಗೆ ಕೇಳಿದರು. “ಶೀಲ್ಡಿನ ಮಾತಲ್ಲ ರಾಯ್ರೇ. ಶೆಡ್ಡಿನ ಹುಡುಗ್ರು ಒಂದು ತಿಂಗಳು ಓದಿದ್ರು. ಸೋತರೂ ಸರಿ. ಸರಿಯಾಗಿ ಹೇಳಿಯೂ ಸೋತ್ವಲ್ಲ ಅಂತ ಅವರಿಗೆ. ಪಕ್ಕದ ಮನೆಯವರೇ ಹಂಗಂದ್ರು ಅಂತ ನಂಗೆ.” ಅವರ ದನಿಯಲ್ಲಿ ನಿಜವಾದ ನೋವಿತ್ತು. ನನಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಒಳಗಿನಿಂದ ಫಾತಿಮಾಬಿ, “ಏ ಜೀ, ಅಣ್ಣಾವ್ರನ್ನ ಬಾಗಿಲಲ್ಲಿ ನಿಲ್ಲಿಸ್ಕೊಂಡು ಏನು ವಿಮಾನದ ಮಾತು? ನಾಳೆ ಬಾಣಂತಿ ಬರ್ತಾಳೆ. ಅವರ ಮನೇಲಿ ಹಾಲು ಆರ್ತಾ ಇರುತ್ತೆ” ಎಂದು ಗದರಿ, ನನ್ನ ಬಟ್ಟಲು ಇಸಿದುಕೊಂಡು ಹೋಗಿ ತುಂಬಿ ತಂದರು. “ಚಳಿ ಐತೆ. ಗೋಣಿತಾಟು ಸುತ್ತಿ ಇಡಿ ಅಣ್ಣಾ. ಪದೇಪದೇ ಮುಚ್ಚಳ ತೆಗೆದು ನೋಡ್ಬೇಡಿ” ಎಂದರು. ನಾನು ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ಹಿಂತಿರುಗಿದೆ. ಈ ಸಲ ಬೇಲಿಯ ಸಂದಿಯಲ್ಲೇ ಬಂದೆ.

ಗುರುವಾರ ಬೆಳಗಿನ ರೈಲಿಗೆ ಬಂದರು. ಮಗುವನ್ನು ನೋಡಿ ನಾನು ಮಾಡಿದ ಹುಚ್ಚಾಟವನ್ನೆಲ್ಲ ಇಲ್ಲಿ ಬರೆಯುವುದಿಲ್ಲ, ಅದು ಎಲ್ಲ ತಂದೆಯರೂ ಮಾಡುವಂಥದ್ದೇ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಅತ್ತೆಯವರೇ ಮೊಸರು ಬಡಿಸಿದರು. ಆಮೇಲೆ ತಾವು ಕುಳಿತು ಅನ್ನಕ್ಕೆ ಹಾಕಿಕೊಂಡು ಒಂದು ತುತ್ತು ಬಾಯಿಗಿಟ್ಟರು. ನಾನು ಕಲಸಿದ ಅನ್ನವನ್ನೇ ಮತ್ತೆ ಕಲಸಿದೆ. ಅವರು ಕಣ್ಣು ಮುಚ್ಚಿದರು. ತೆರೆದಾಗ ಕಣ್ಣಲ್ಲಿ ನೀರಿತ್ತು.

“ಅದೇ ರುಚಿ. ನಮ್ಮಮ್ಮನ ಕೈದು” ಎಂದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, “ನಿಮ್ಮ ಹತ್ರ ಮುಚ್ಚಿಡೋದೇನು ಅಳಿಯಂದ್ರೇ. ಇವಳ ಹೆರಿಗೆ ಗಡಿಬಿಡೀಲಿ ನಮ್ಮನೆ ಹೆಪ್ಪು ಲೋಳೆ ಬಂದು ಹಾಳಾಯ್ತು. ನನ್ನ ಕೈಯಲ್ಲೇ ಹೋಗ್ಬೇಕಾ ಅಂತ ನಿದ್ದೆ ಇಲ್ಲ ನನಗೆ. ಭದ್ರಾವತೀಲಿ ಇದೆಯಲ್ಲ ಅಂತ ಒಂದೇ ಧೈರ್ಯ. ಮಗು ಬಿಡೋಕೆ ಬಂದೆ ಅಂತ ಹೆಸರು, ಬಂದಿದ್ದು ಹೆಪ್ಪು ತಗೊಂಡು ಹೋಗೋಕೆ. ಗಂಡಸಾಗಿ ಇಷ್ಟು ದಿನ ಉಳಿಸಿಕೊಂಡು ಬಂದ್ರಿ ಅಂದ್ರೆ ಸಾಮಾನ್ಯ ಅಲ್ಲ. ಕೈಗುಣ ಬೇಕು” ಎಂದರು. ತಾಯಿಮನೆಯೂ ಬಿದ್ದಿತ್ತು, ನಮ್ಮ ಮನೆಯೂ ಬಿದ್ದಿತ್ತು. ಅಷ್ಟು ತಲೆಮಾರಿನ ಹೆಪ್ಪು ಉಳಿದದ್ದು ದಾಸವಾಳದ ಬೇಲಿಯಾಚೆ ಒಂದು ಮನೆಯಲ್ಲಿ ಮಾತ್ರ. ಆ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಆದರೆ ಹೊಗಳಿಕೆಯನ್ನು ಅಲ್ಲಗಳೆಯುವುದರ ಬಗ್ಗೆ ನನ್ನ ಮತವನ್ನು ಮೊದಲೇ ಹೇಳಿದ್ದೇನೆ. ಸರೋಜ ಒಂದು ಸಲ ನನ್ನನ್ನು ನೋಡಿ, ಮಗುವಿನ ಕಡೆ ತಿರುಗಿದಳು.

ಮಾತಿನಲ್ಲಿ ಒಪ್ಪಿಕೊಳ್ಳಲು ಧೈರ್ಯ ಸಾಲದಿದ್ದರೂ ಕಾಗದದ ಮೇಲೆ ಒಪ್ಪಿಕೊಳ್ಳಬಹುದಲ್ಲ, ಕಾಗದಕ್ಕೆ ನಮ್ಮೂರಲ್ಲಿ ಬರವಿಲ್ಲ. ಶುಕ್ರವಾರ ವಾಚನಾಲಯದ ಬೋರ್ಡಿನ ಮೇಲೆ ಹೊಸ ತೀರ್ಪು ಹಚ್ಚಿದೆ. ಮೂಲಸ್ಥಾನದಲ್ಲಿ ನಿಂತರೂ ಶಾಖೆಯಲ್ಲಿ ನಡೆಯುತ್ತಿದ್ದರೆ ಅದು ಎಡೆಬಿಡದೆ ನಡೆದಂತೆಯೇ ಎಂದೂ, ಆದ್ದರಿಂದ ಡಚ್ ಕಂಪನಿಯೇ ಹಿರಿಯದು, ಶೀಲ್ಡು ಲಾರಿ ಶೆಡ್ಡಿಗೆ ಸಲ್ಲತಕ್ಕದ್ದೆಂದೂ ಬರೆದೆ. ಅಕೌಂಟ್ಸಿನಲ್ಲಿ ಕೋಲಾಹಲವಾಯಿತು. ಶ್ರೀನಿವಾಸಯ್ಯ ನನ್ನ ಮೇಜಿಗೆ ಬಂದು, “ಏನು ಮಾರಾಯ ಇದು? ವಾರ ಕಳೆಯೋದ್ರೊಳಗೆ ಹೈಕೋರ್ಟು ತಿರುಗಿಬಿಡ್ತಲ್ಲ! ಹೊಸ ಸಾಕ್ಷಿ ಏನು ಸಿಕ್ತು?” ಎಂದರು. “ಸಾಕ್ಷಿ ಇತ್ತು, ನೀವು ತೊಳೆದುಬಿಟ್ರಿ” ಎಂದೆ. ಅವರಿಗೆ ಇಂದಿಗೂ ಅದರ ಅರ್ಥವಾಗಿಲ್ಲ. ಲಾರಿ ಶೆಡ್ಡಿನವರು ಶೀಲ್ಡನ್ನು ಲಾರಿಯ ಮೂತಿಗೆ ಕಟ್ಟಿ ಕ್ವಾರ್ಟರ್ಸಿನ ಸುತ್ತ ಒಂದು ಸುತ್ತು ಹೊಡೆಸಿದರು. ಆ ಸಂಜೆ ಬೇಲಿಯ ಆ ಕಡೆ ಬೀಡಿಯ ವಾಸನೆ ಬಂತು. ನಾನು ಚಪ್ಪಲಿ ಮೆಟ್ಟದೆಯೇ ಹೊರಗೆ ಹೋದೆ.

ಅತ್ತೆಯವರು ಹೊರಟ ದಿನ ಹೆಪ್ಪಿನ ಕುಡಿಕೆಯನ್ನು ಬಟ್ಟೆಯಲ್ಲಿ ಕಟ್ಟಿ ಮಡಿಲಲ್ಲಿ ಇಟ್ಟುಕೊಂಡರು. ಜಟಕಾ ಹತ್ತುವ ಮೊದಲು ನೆಟ್ಟಗೆ ಬೇಲಿಯ ಹತ್ತಿರ ಹೋಗಿ, “ಫಾತಿಮಾ, ಬರ್ತೀನಿ ಕಣಮ್ಮ. ಜೋಪಾನವಾಗಿ ನಡೆಸ್ಕೊಂಡು ಹೋಗು. ನಮ್ಮಲ್ಲಿ ಇನ್ನೊಂದು ಸಲ ತಪ್ಪಿದ್ರೆ ನೆಟ್ಟಗೆ ನಿನ್ನ ಬಾಗಿಲಿಗೇ ಬರ್ತೀನಿ, ಇವರ ಕೈಗುಣ ನಂಬೋದಿಲ್ಲ” ಎಂದರು. ನಾನು ಕುದುರೆಯನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತೆ.

ಜಟಕಾ ತಿರುವು ದಾಟಿದ ಮೇಲೆ, “ನಿಮ್ಮಿಬ್ಬರಿಗೂ ಯಾವಾಗ ಗೊತ್ತಾಯ್ತು?” ಎಂದು ಸರೋಜಳನ್ನು ಕೇಳಿದೆ. ಬಂದ ದಿನ ಊಟಕ್ಕೆ ಮುಂಚೆಯೇ ಫಾತಿಮಾಬಿ ಬೇಲಿಯ ಬಳಿ ಎಲ್ಲವನ್ನೂ ಹೇಳಿದ್ದರಂತೆ. ತಾಯಿ ಮಗಳು ಇಬ್ಬರಿಗೂ ತಿಳಿದಿತ್ತು. ಹಾಗಾದರೆ ಆ ಕೈಗುಣದ ಹೊಗಳಿಕೆ? “ನೀವು ಎಷ್ಟು ಹೊತ್ತು ಸುಮ್ಮನಿರ್ತೀರಿ ಅಂತ ಅಮ್ಮ ನೋಡಿದ್ರು” ಎಂದಳು ಸರೋಜ. ಅತ್ತಳೇನೋ ಎಂದು ನೋಡಿದೆ. ಮುಖದಲ್ಲಿ ನಗುವಿತ್ತು, ಆದರೆ ಅದು ನನ್ನನ್ನು ಬಿಟ್ಟುಬಿಡುವ ನಗುವಾಗಿರಲಿಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು ಕಲ್ಲಿನ ಮರಿಗೆಯನ್ನು ನನ್ನ ಕೈಗಿಟ್ಟಳು. “ಇನ್ನು ಮೇಲೆ ಹೆಪ್ಪು ಹಾಕೋ ಕೆಲಸ ನಿಮ್ಮದು. ಕಳೆದವರೇ ಕಾಯ್ಬೇಕು” ಎಂದಳು.

ಆ ಮಗು ಈಗ ಎರಡನೆಯ ಕ್ಲಾಸಿನಲ್ಲಿ ಓದುತ್ತಿದೆ. ಅಂದಿನಿಂದ ಸಂಜೆ ಮಿಲ್ಲಿನ ಸೈರನ್ನು ಕೂಗಿದ ಮೇಲೆ ಹಾಲು ಕಾಯಿಸಿ, ಬೆರಳು ಅದ್ದಿ ಬಿಸಿ ನೋಡಿ, ಹೆಪ್ಪು ಹಾಕಿ, ಚಳಿಯಿದ್ದರೆ ಗೋಣಿತಾಟು ಸುತ್ತಿ ಇಡುವವನು ನಾನೇ. ಹೋದ ತಿಂಗಳು ಮಳೆಯಲ್ಲಿ ನೆನೆದು ಜ್ವರ ಬಂದು ಮಲಗಿದ್ದೆ. ಕಂಬಳಿಯೊಳಗಿನಿಂದ, “ಇವತ್ತೊಂದು ದಿನ ನೀನೇ ಹಾಕಿಬಿಡೆ” ಎಂದು ಸರೋಜಳನ್ನು ಬೇಡಿಕೊಂಡೆ. ಅವಳು ಮರಿಗೆಯನ್ನೂ ಚಮಚವನ್ನೂ ತಂದು ಹಾಸಿಗೆಯ ಪಕ್ಕದಲ್ಲಿಟ್ಟಳು. ಮಗಳನ್ನು ಕರೆದು, “ಅಪ್ಪ ಹೈಕೋರ್ಟಿನಲ್ಲಿ ಏನು ಹೇಳಿದ್ರೇ?” ಎಂದು ಕೇಳಿದಳು. ಫಾತಿಮಾಬಿ ಆ ಮಗುವಿಗೆ ನನ್ನ ಮೊದಲ ತೀರ್ಪನ್ನು ಯಾವಾಗಲೋ ಬಾಯಿಪಾಠ ಮಾಡಿಸಿಬಿಟ್ಟಿದ್ದರು. ಅದು ಕೈಕಟ್ಟಿ ನಿಂತು, ಶಾಲೆಯಲ್ಲಿ ಪದ್ಯ ಒಪ್ಪಿಸುವ ಧಾಟಿಯಲ್ಲಿ, “ಒಂದು ದಿನ ನಿಂತರೂ ನಿಂತ ಹಾಗೇ. ಯುದ್ಧವಿತ್ತು, ಮಳೆಯಿತ್ತು ಎಂಬ ನೆಪವೆಲ್ಲ ನಡೆಯುವುದಿಲ್ಲ” ಎಂದಿತು. ನಾನು ಎದ್ದು ಕುಳಿತು ಹೆಪ್ಪು ಹಾಕಿದೆ.